ತೊಗರಿಬೇಳೆಯ ಬೀದಿಗಳು

ನಮ್ಮ ಊರಿನಲ್ಲಿ ದಾರಿ ಕೇಳುವುದು ಅಸಹ್ಯ. ನಾಲ್ಕು ಜನರ ಮುಂದೆ ಮೂಗಿಗೆ ಬೆರಳು ಹಾಕಿದರೆ ಕ್ಷಮಿಸುತ್ತಾರೆ, ಊಟದ ಎಲೆಯ ಮುಂದೆ ಕೂತು ತೇಗಿದರೆ ಸಂತೋಷಪಡುತ್ತಾರೆ. ಆದರೆ ಬೀದಿಯಲ್ಲಿ ನಿಂತು "ಸ್ವಾಮಿ, ಇಂಥ ಕಡೆಗೆ ಹೇಗೆ ಹೋಗಬೇಕು?" ಎಂದುಬಿಟ್ಟರೆ ತಾಯಂದಿರು ಮಕ್ಕಳ ಕಿವಿ ಮುಚ್ಚುತ್ತಾರೆ. ಯಾಕೆಂದರೆ ನಮ್ಮಲ್ಲಿ ದಾರಿ ಎಲ್ಲರಿಗೂ ಗೊತ್ತು. ಬೆಳಗಿನ ಜಾವ ಬೀದಿಗಳು ಮಗ್ಗುಲು ಬದಲಿಸುತ್ತವೆ. ನಿನ್ನೆ ಅಕ್ಕಸಾಲಿಗರ ಬೀದಿಯ ಬೆನ್ನಿಗಿದ್ದ ಮಂಡಿಪೇಟೆ ಇವತ್ತು ಸ್ಕೂಲಿನ ಎದುರಿಗೆ ಹೋಗಿ ಮಲಗಿರುತ್ತದೆ. ಕೆರೆಯೊಂದು ಮಾತ್ರ ಕದಲುವುದಿಲ್ಲ. ಅಷ್ಟು ನೀರನ್ನು ಚೆಲ್ಲದೆ ಹೊರುವುದು ಯಾರಿಗಾದರೂ ಕಷ್ಟವೇ. ಜನ ಏಳುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ, ಚಪ್ಪಲಿ ಮೆಟ್ಟಿ ಹೋಗಬೇಕಾದಲ್ಲಿಗೆ ನೆಟ್ಟಗೆ ಹೋಗುತ್ತಾರೆ. ಹೇಗೆ ಗೊತ್ತಾಯಿತು ಎಂದರೆ "ಗೊತ್ತಾಗತ್ತೆ" ಎನ್ನುತ್ತಾರೆ. ನಮ್ಮ ಊರಿನ ಜ್ಞಾನಭಂಡಾರವೆಲ್ಲ ಆ ಒಂದು ಮಾತಿನಲ್ಲಿದೆ.

ಗೊತ್ತಾಗದ ಮಕ್ಕಳೂ ಅಲ್ಲೊಂದು ಇಲ್ಲೊಂದು ಹುಟ್ಟುತ್ತವೆ. ಅಂಥ ಮಗುವನ್ನು ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪರೀಕ್ಷೆ ಮಾಡಿ, ಆಟಿಸಂ ಎಂದು ಹೇಳಿ, ಮಣಿಕಟ್ಟಿಗೆ ಹಳದಿ ದಾರ ಕಟ್ಟುತ್ತಾರೆ. ದಾರ ಕಟ್ಟಿದ ಕೈಯನ್ನು ಯಾರ ಮುಂದೆ ಚಾಚಿದರೂ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ದಾರಿ ಹೇಳಬೇಕು, ಎರಡು ತಿರುವಿನವರೆಗೆ ಜೊತೆಗೆ ನಡೆದು ಬಿಟ್ಟು ಬರಬೇಕು. ಹಿಂದಿನವರು ಮಾಡಿಟ್ಟ ಒಳ್ಳೆಯ ಕಟ್ಟಳೆ. ಮಗು ಬೆಳೆದ ಹಾಗೆ ವರ್ಷಕ್ಕೊಮ್ಮೆ ಆಸ್ಪತ್ರೆಯವರು ದಾರಕ್ಕೆ ಒಂದು ತುಂಡು ಸೇರಿಸಿ ಉದ್ದ ಮಾಡಿಕೊಡುತ್ತಾರೆ. ಆದರೆ ದೊಡ್ಡವರಾದ ಮೇಲೆ ಹೋಗಿ ಹೊಸದಾಗಿ ದಾರ ಕಟ್ಟಿಸಿಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಅದಕ್ಕೊಂದು ಕಾರಣವಿದೆ. ಆಸ್ಪತ್ರೆಯೂ ದಿನಾ ಮಗ್ಗುಲು ಬದಲಿಸುತ್ತದೆ. ದಾರಿ ಗೊತ್ತಾಗದವರು ಅಲ್ಲಿಗೆ ತಲುಪುವುದಿಲ್ಲ. ತಲುಪಿದವರಿಗೆ ದಾರಿ ಗೊತ್ತಿದೆ ಎಂದಾಯಿತು, ಇನ್ನು ದಾರ ಯಾಕೆ? ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ.

ನನ್ನ ಮಗಳು ವಾರಿಜಳಿಗೆ ಮೂವತ್ತಾರು ವರ್ಷ. ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸ. ಸೀರೆ ತಂದು ತೋರಿಸಿದರೆ ಸಾಕು, ಸರಿಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ಮೂರನ್ನೂ ಒಂದೇ ಸಲಕ್ಕೆ ಎಳೆದು ಹಾಕುತ್ತಾಳೆ. ಜೊತೆಗೆ "ಈ ಬಣ್ಣ ನಿಮಗೆ ಒಪ್ಪಲ್ಲ, ಮುಖ ಸತ್ತ ಹಾಗೆ ಕಾಣತ್ತೆ" ಎಂದೂ ಹೇಳುತ್ತಾಳೆ. ಗಿರಾಕಿಗಳು ಬೈದುಕೊಂಡು ಹೋಗಿ ಮುಂದಿನ ಹಬ್ಬಕ್ಕೆ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಅಂಗಡಿಗೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ನಮ್ಮ ಅಡುಗೆಕಟ್ಟೆಯ ಮೇಲೆ ಅವಳದೊಂದು ಕೆಲಸವಿದೆ. ತೊಗರಿಬೇಳೆ ಡಬ್ಬ ತೆಗೆದು ನಿನ್ನೆಯ ಊರನ್ನು ಹರಡುತ್ತಾಳೆ. ಬೇಳೆಯ ಸಾಲು ಬೀದಿ, ಸಾಸಿವೆ ಕಾಳು ತಿರುವು, ಒಂದು ಚಿಟಿಕೆ ಉಪ್ಪು ಕೆರೆ. ಆಮೇಲೆ ಕಿಟಕಿ ತೆರೆದು ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಕಾಫಿಬೀಜ ಹುರಿಯುವ ವಾಸನೆ ಯಾವ ಕಡೆಯಿಂದ ಬರುತ್ತಿದೆ, ಕಮ್ಮಾರಸಾಲೆಯ ಸುತ್ತಿಗೆ ಹತ್ತಿರ ಕೇಳುತ್ತಿದೆಯೋ ದೂರವೋ, ಎಲ್ಲ ಕೂಡಿಸಿ ಕಳೆದು ಬೇಳೆಯ ಸಾಲುಗಳನ್ನು ಸರಿಸುತ್ತಾಳೆ. ಮುಗಿದ ಮೇಲೆ "ಆಯ್ತಮ್ಮ" ಎನ್ನುತ್ತಾಳೆ. ನಾನು ಊರನ್ನು ಬಾಚಿ, ತೊಳೆದು, ಕುಕ್ಕರಿಗೆ ಹಾಕುತ್ತೇನೆ. ನಮ್ಮ ಮನೆಯ ಸಾರಿನಲ್ಲಿ ಮಂಡಿಪೇಟೆ, ಅಕ್ಕಸಾಲಿಗರ ಬೀದಿ, ಪೊಲೀಸ್ ಸ್ಟೇಷನ್ನು ಎಲ್ಲವೂ ಬೆಂದಿರುತ್ತವೆ. ಹೀಗೆ ಅವಳು ಸರಿಯಾದ ಹೊತ್ತಿಗೆ ಅಂಗಡಿ ಸೇರುತ್ತಾಳೆ. ಸಂಜೆ ಬಂದವಳು ದಿಂಬನ್ನು ತಲೆಯ ಮೇಲೆ ಒತ್ತಿಕೊಂಡು ಮಲಗುತ್ತಾಳೆ. ಊಟಕ್ಕೆ ಕರೆದರೂ ಏಳುವುದಿಲ್ಲ.

ನನಗೆ ಇದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ಒಬ್ಬೊಬ್ಬರದು ಒಂದೊಂದು ರೀತಿ. ನಾನು ಬೆಳಿಗ್ಗೆ ಹಾಲಿನ ಸಾಕಮ್ಮನ ಎಮ್ಮೆಯ ಹಿಂದೆ ಹೊರಡುತ್ತೇನೆ. ಮನೆಮನೆಯ ಮುಂದೆ ಎಮ್ಮೆ ನಿಲ್ಲಿಸಿ ಎದುರಿಗೇ ಕರೆದು ಕೊಡುವ ಪದ್ಧತಿ ಅವಳದು. ಎಮ್ಮೆ ಮಾರ್ಕೆಟ್ಟಿನ ಹತ್ತಿರ ಹೋದಾಗ ತರಕಾರಿ ಕೊಳ್ಳುತ್ತೇನೆ, ದೇವಸ್ಥಾನದ ಮುಂದೆ ಹೋದಾಗ ಕೈ ಮುಗಿಯುತ್ತೇನೆ, ಮತ್ತೆ ಅದರ ಹಿಂದೆಯೇ ಮನೆಗೆ ಬರುತ್ತೇನೆ. ನನ್ನ ತಂಗಿ ತುಂಗ ಇದೇ ಊರಿನಲ್ಲಿ ಕುಂಚಿಗರ ಬೀದಿಯಲ್ಲಿದ್ದಾಳೆ. ಆ ಬೀದಿಯವರು ಡೈರಿ ಹಾಲು ಕುಡಿಯುವವರು. ಹಾಗಾಗಿ ನಮಗೆ ಹೋಗಿಬರುವುದು ಅಷ್ಟಾಗಿಲ್ಲ.

ಇರಿ, ಹಾಲು ಉಕ್ಕುತ್ತಿದೆ.

ಹಾಂ. ಒಂದು ದಿನ ಕಾಫಿಬೀಜದ ಅಂಗಡಿಯವರ ಮನೆಯಲ್ಲಿ ಸಾವಾಗಿ ಅಂಗಡಿ ಮುಚ್ಚಿತ್ತು. ವಾಸನೆ ಇಲ್ಲ. ವಾರಿಜಳ ಬೇಳೆ ತಪ್ಪಿತು. ಬಿಸಿಲಲ್ಲಿ ಅಲೆದು ಅಲೆದು, ಕೊನೆಗೆ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರನ್ನು ನಿಲ್ಲಿಸಿ ದಾರಿ ಕೇಳಿಬಿಟ್ಟಳು. ದಾರವಿಲ್ಲದ ಬರಿಗೈಯಲ್ಲಿ! ಆ ಸುದ್ದಿ ಅವಳಿಗಿಂತ ಮೊದಲು ಮನೆಗೆ ಬಂತು. ಸುದ್ದಿಗೆ ದಾರಿ ಗೊತ್ತಿತ್ತು. ಸುದ್ದಿಯ ಹಿಂದೆಯೇ ನನ್ನ ಭಾವ ರಂಗಪ್ಪಯ್ಯನವರು ಬಂದರು. ನಮ್ಮ ಯಜಮಾನರ ಅಣ್ಣ. ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಯ ಮರ್ಯಾದೆಯನ್ನು ಅವರೇ ಹೊತ್ತುಕೊಂಡಿದ್ದಾರೆ. ಭಾರವಾದಾಗ ತಂದು ನಮ್ಮ ಜಗಲಿಯ ಮೇಲೆ ಇಳಿಸುತ್ತಾರೆ.

"ಏನಮ್ಮ, ಮೂವತ್ತಾರು ವರ್ಷದ ಹೆಂಗಸು ಬೀದೀಲಿ ನಿಂತು ದಾರಿ ಕೇಳೋದಾ? ನಾನು ನಾಳೆಯಿಂದ ತಲೆ ಎತ್ತಿಕೊಂಡು ಓಡಾಡೋದು ಹ್ಯಾಗೆ?"

"ತಲೆ ತಗ್ಗಿಸಿಕೊಂಡು ಓಡಾಡಿ ಭಾವ. ದಾರಿ ಗೊತ್ತಿರೋರಿಗೆ ತಲೆ ಯಾಕೆ ಬೇಕು?" ಎಂದೆ.

"ತಮಾಷೆ ಬೇಡ. ಅದು ಸೋಮಾರಿತನ. ಬೆಳಿಗ್ಗೆ ಎದ್ದು ಸ್ವಲ್ಪ ಮನಸ್ಸು ಕೊಟ್ರೆ ಗೊತ್ತಾಗತ್ತೆ. ನಾಯಿಗೆ ಗೊತ್ತಾಗತ್ತೆ, ನರಿಗೆ ಗೊತ್ತಾಗತ್ತೆ!"

ವಾರಿಜ ಒಳಗಿನಿಂದ ಬಂದಳು. "ನಮ್ಮೂರಲ್ಲಿ ನರಿ ಇಲ್ಲ ದೊಡ್ಡಪ್ಪ" ಎಂದಳು. ಕುಹಕವಲ್ಲ, ಇಲ್ಲದ್ದನ್ನು ಇಲ್ಲ ಎಂದು ಹೇಳಿದಳು, ಅಷ್ಟೇ. ದೊಡ್ಡಪ್ಪ ಕಾಫಿ ಕುಡಿಯದೆ ಎದ್ದು ಹೋದರು. ಅವರಿಗಾಗಿ ಬೆರೆಸಿದ್ದನ್ನು ನಾನು ಕುಡಿದೆ.

ಅದಾದ ಸ್ವಲ್ಪ ದಿನಕ್ಕೆ ಅವಳು ಮಧ್ಯಾಹ್ನವೇ ಅಂಗಡಿಯಿಂದ ಮನೆಗೆ ಬಂದಳು. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಎದುರಿಗೆ ಕೂತಳು.

"ಅಮ್ಮ, ಇವತ್ತು ಅಂಗಡಿಗೆ ಒಂದು ಮಗು ಬಂದಿತ್ತು. ಕೈಯಲ್ಲಿ ಹಳದಿ ದಾರ. ಅದರಮ್ಮ ಸೀರೆ ನೋಡ್ತಿದ್ರು. ಮಗು ಗುಂಡಿ ಡಬ್ಬ ಸುರುವಿಕೊಂಡು ಕೌಂಟರ್ ಮೇಲೆ ಸಾಲಾಗಿ ಜೋಡಿಸ್ತು. ಬಿಳಿ ಗುಂಡಿ ಬೀದಿ, ಕರಿ ಗುಂಡಿ ತಿರುವು. ನಮ್ಮ ಬೇಳೆ ಥರಾನೇ ಅಮ್ಮ. ನಾನು ಒಂದು ಬೀದಿ ಸರಿಮಾಡಿಕೊಟ್ಟೆ. ಅದು ನನ್ನ ಮುಖ ನೋಡಲಿಲ್ಲ, ಹುಬ್ಬು ನೋಡಿ ನಕ್ತು."

"ಜಾಣ ಮಗು" ಎಂದೆ.

"ಅಮ್ಮ, ಆ ಮಗು ನಾನು."

ನನ್ನ ಕೈ ಮೊರದ ಮೇಲೆ ನಿಂತಿತು.

"ನಂಗೆ ಅದು ಇದೆಯೋ ಇಲ್ವೋ ನೋಡಿಸ್ಕೋಬೇಕು. ಇದೆ ಅಂದ್ರೆ ಇದೆ. ಇಲ್ಲ ಅಂದ್ರೆ ದೊಡ್ಡಪ್ಪ ಹೇಳೋದೇ ನಿಜ, ನಾನು ಸೋಮಾರಿ. ಆದ್ರೆ ಅಮ್ಮ, ಸೋಮಾರಿಗಳಿಗೆ ಇಷ್ಟೊಂದು ಸುಸ್ತಾಗತ್ತಾ?"

ಆಸ್ಪತ್ರೆಗೆ ಹೋಗಿ ಬಾ ಎಂದೆ.

ಮೊದಲನೆಯ ಸಲ ಒಬ್ಬಳೇ ಹೋದಳು. ಅವತ್ತು ಬೇಳೆಯ ಜೊತೆಗೆ ಹೆಸರುಕಾಳೂ ಬೇಕಾಯಿತು, ಅಷ್ಟು ಎಚ್ಚರಿಕೆಯಿಂದ ಊರನ್ನು ಜೋಡಿಸಿದಳು. ಹೇಳಿದ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಬಾಗಿಲಿನಲ್ಲಿದ್ದಳು. ಅದೇ ಅವಳು ಮಾಡಿದ ತಪ್ಪು. ಡಾಕ್ಟರ್ ಜಯತೀರ್ಥ ಅವಳನ್ನು ನೋಡಿ ಬಾಗಿಲಿನ ಕಡೆ ನೋಡಿದರಂತೆ.

"ಮಗು ಎಲ್ಲಮ್ಮ?"

"ನಾನೇ."

"ನೀವೇ ಬಂದ್ರಾ? ಒಬ್ರೇ? ಟೈಮಿಗೆ ಸರಿಯಾಗಿ? ಹಾಗಿದ್ರೆ ನಿಮಗೇನೂ ಇಲ್ಲ. ನಿಮ್ಮನ್ನ ನೋಡಿದ್ರೆ ಹಾಗೆ ಕಾಣೋದೂ ಇಲ್ಲ."

ಇವಳು ಬೇಳೆಯ ವಿಷಯ ಹೇಳಿದಳು, ವಾಸನೆಯ ವಿಷಯ ಹೇಳಿದಳು, ಸಂಜೆಯ ದಿಂಬಿನ ವಿಷಯ ಹೇಳಿದಳು. ಅವರು ಕೇಳಿಸಿಕೊಂಡು, "ಎಲ್ರಿಗೂ ಸ್ವಲ್ಪ ಸ್ವಲ್ಪ ಹಾಗಿರತ್ತಮ್ಮ" ಎಂದರು. "ಹೌದಾ, ನೀವು ಯಾವ ಬೇಳೆ ಉಪಯೋಗಿಸ್ತೀರಿ?" ಎಂದು ಇವಳು ಆಸಕ್ತಿಯಿಂದ ಕೇಳಿದಳು. ಡಾಕ್ಟರಿಗೆ ಕೆಮ್ಮು ಬಂತು. ಬಂದಿದ್ದಾಳಲ್ಲ ಎಂದು ಪರೀಕ್ಷೆಯನ್ನಂತೂ ಮಾಡಿದರು. ಇದ್ದದ್ದು ಮಕ್ಕಳ ಪರೀಕ್ಷೆ ಒಂದೇ. ಮಕ್ಕಳ ಕುರ್ಚಿಯಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತ ನನ್ನ ಮಗಳ ಕೈಗೆ ಒಂದು ಮರದ ಗಿಳಿ ಕೊಟ್ಟು, "ಗಿಳಿಮರಿಗೆ ಹಸಿವಾಗಿದೆ, ನೀನೇನು ಮಾಡ್ತೀಯ ಪುಟ್ಟಿ?" ಎಂದು ಕೇಳಿದರು.

"ಇದು ಮರದ್ದು ಸರ್. ಹಸಿವಾಗಲ್ಲ. ಹಸಿರು ಬಣ್ಣ ಎರಡು ಬೇರೆ ಬೇರೆ ಡಬ್ಬದಿಂದ ಬಳಿದಿದ್ದಾರೆ, ರೆಕ್ಕೆ ಒಂದು ಥರ, ಹೊಟ್ಟೆ ಒಂದು ಥರ."

"ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎಂದರು ಡಾಕ್ಟರು. "ಕಣ್ಣಲ್ಲಿ ಕಣ್ಣಿಟ್ಟು ಬೇರೆ ನೋಡ್ತಿದ್ದೀರಿ."

"ಕಣ್ಣಲ್ಲ, ನಿಮ್ಮ ಹುಬ್ಬು ನೋಡ್ತಿದ್ದೀನಿ."

ಅವರು ಹುಬ್ಬು ಗಂಟಿಕ್ಕಿದರು. ಕೊನೆಗೆ, ಮೂರು ವರ್ಷದ ವಯಸ್ಸಿನಲ್ಲಿ ಹೇಗಿದ್ದಳು ಎಂದು ಕಂಡವರು ಬಂದು ಸಾಕ್ಷಿ ಹೇಳಬೇಕು, ಆಮೇಲೆ ನೋಡೋಣ ಎಂದರು. ಆಗ ಅವಳನ್ನು ಕಂಡವಳು ನಾನೊಬ್ಬಳೇ. ಯಜಮಾನರೂ ಮನೆಯಲ್ಲೇ ಇದ್ದರು, ಆದರೆ ಪೇಪರಿನ ಹಿಂದೆ ಇದ್ದರು.

"ಯೋಚನೆ ಮಾಡಬೇಡ, ನಾನೇ ಕರ್ಕೊಂಡು ಹೋಗ್ತೀನಿ. ಅವತ್ತು ಬೇಳೆ ಗೀಳೆ ಬೇಡ, ಆರಾಮಾಗಿ ನನ್ನ ಹಿಂದೆ ಬಾ" ಎಂದೆ. ನನಗೊಂದು ಉಪಾಯ ತಿಳಿದಿತ್ತು. ಆಸ್ಪತ್ರೆಯ ಕ್ಯಾಂಟೀನಿಗೆ ಗುರುವಾರ ಸಾಕಮ್ಮನೇ ಹಾಲು ಕೊಡುವುದು. ಗುರುವಾರ ಮ್ಯಾಚಿಂಗ್ ಸೆಂಟರಿಗೂ ರಜ. ಎಮ್ಮೆಯ ಹಿಂದೆ ಹೋದರೆ ಸರಿ, ಇದಕ್ಕಿಂತ ಸುಲಭ ಏನಿದೆ?

ಗುರುವಾರ ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟೆ. ಮಗಳ ಬಾಲ್ಯಕ್ಕೆ ಸಾಕ್ಷಿ ಹೇಳುವುದೆಂದರೆ ಸಣ್ಣ ಮಾತಲ್ಲ. ಮುಂದೆ ಸಾಕಮ್ಮ, ಅವಳ ಹಿಂದೆ ಎಮ್ಮೆ, ಎಮ್ಮೆಯ ಹಿಂದೆ ನಾನು, ನನ್ನ ಹಿಂದೆ ವಾರಿಜ. ಎಲ್ಲ ಸರಿಯಾಗಿತ್ತು. ಆದರೆ ಅವತ್ತು ಕೆರೆಯ ಪಕ್ಕಕ್ಕೆ ಬಂದು ಮಲಗಿದ್ದದ್ದು ಬಡಗಿಗಳ ಬೀದಿ, ಅದು ಹಾಯುವುದು ಕೆರೆಯ ಮೆಟ್ಟಿಲ ಮುಂದೆಯೇ. ಬಿಸಿಲೂ ಜೋರಾಗಿತ್ತು. ಎಮ್ಮೆ ಒಂದು ಗಳಿಗೆ ಯೋಚಿಸಿತು. ಆಮೇಲೆ ಸಾಕಮ್ಮನ ಕೈಯ ಹಗ್ಗ ಕಿತ್ತುಕೊಂಡು ನೀರಿಗಿಳಿದು ಕುತ್ತಿಗೆಯವರೆಗೆ ಕೂತುಬಿಟ್ಟಿತು. ಸಾಕಮ್ಮ ಬೈದಳು, ಹುಲ್ಲು ತೋರಿಸಿದಳು, ಅತ್ತಳು. ಎಮ್ಮೆ ಕಣ್ಣು ಮುಚ್ಚಿತು.

"ಅಮ್ಮ" ಎಂದಳು ವಾರಿಜ, "ಕಾಫಿ ವಾಸನೆ ಬೆನ್ನ ಕಡೆಯಿಂದ ಬರ್ತಿದೆ. ಆಸ್ಪತ್ರೆ ಇಲ್ಲಿಂದ ಎಡಕ್ಕೆ. ಹೋಗೋಣ್ವಾ?"

"ಸುಮ್ನಿರೇ, ಎಮ್ಮೆ ಏಳಲಿ."

"ಎಮ್ಮೆ ಯಾಕಮ್ಮ ಏಳ್ಬೇಕು?"

"ಅದು ಏಳದೆ ಹ್ಯಾಗೆ ಹೋಗೋದು?"

ಅವಳು ಸ್ವಲ್ಪ ಹೊತ್ತು ನನ್ನ ಹುಬ್ಬನ್ನೇ ನೋಡಿದಳು. ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ, ಅವಳು ಮಾತು ಮೀರುವವಳಲ್ಲ. ಇಬ್ಬರೂ ಕೆರೆಯ ಮೆಟ್ಟಿಲ ಮೇಲೆ ರೇಷ್ಮೆ ಸೀರೆಯಲ್ಲಿ, ಇಸ್ತ್ರಿ ಚೂಡಿದಾರದಲ್ಲಿ, ಎಮ್ಮೆಗೆ ಎದುರಾಗಿ ಕೂತೆವು. ಎಮ್ಮೆ ತನ್ನ ಸ್ನಾನ ಮುಗಿಸಿ ಎದ್ದು, ಕ್ಯಾಂಟೀನಿನ ಹಿಂಬಾಗಿಲಿಗೆ ನಮ್ಮನ್ನು ಮುಟ್ಟಿಸುವ ಹೊತ್ತಿಗೆ ಡಾಕ್ಟರು ಕೋಟು ಬಿಚ್ಚಿ ಮೊಳೆಗೆ ಹಾಕುತ್ತಿದ್ದರು.

ಅವರು ಮತ್ತೆ ಕೋಟು ಹಾಕಿಕೊಂಡು ಕೂತರು. ನನಗೂ ಒಂದು ಮಕ್ಕಳ ಕುರ್ಚಿ ಸಿಕ್ಕಿತು. ಬಾಗಿಲಿನ ಹತ್ತಿರ ಆಯಾ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಸಾಕ್ಷಿ ಶುರುವಾಯಿತು.

"ಮೂರು ವರ್ಷದಲ್ಲಿ ಬೇರೆ ಮಕ್ಕಳ ಜೊತೆ ಆಡ್ತಿದ್ರಾ ಅಮ್ಮ?"

"ಓ, ಆಡ್ತಿದ್ಲು. ಅವರು ಅಂಗಳದಲ್ಲಿ ಆಡೋರು, ಇವಳು ಮಂಚದ ಕೆಳಗೆ ಆಡೋಳು. ಎಲ್ಲ ಮಕ್ಕಳ ಹಾಗೇ."

ಡಾಕ್ಟರು ಬರೆದುಕೊಂಡರು. "ಶಬ್ದಕ್ಕೆ ಹೆದರ್ತಿದ್ರಾ?"

"ಹೆದರೋಕೇನು? ಮಿಕ್ಸಿ ಹಾಕೋ ಮುಂಚೆ ಇಬ್ರೂ ಕಿವೀಲಿ ಹತ್ತಿ ಇಟ್ಕೊಳ್ತಿದ್ವಿ. ಎಲ್ರ ಮನೇಲೂ ಇರೋದೇ."

"ಊಟ?"

"ಒಳ್ಳೆ ಊಟ. ಮೊಸರನ್ನ. ಬೆಳಿಗ್ಗೆ ಮೊಸರನ್ನ, ಮಧ್ಯಾಹ್ನ ಮೊಸರನ್ನ, ರಾತ್ರಿ ಬೇಕಾದ್ರೆ ಮೊಸರನ್ನ. ಸಾರು ಬೇರೆ ಬಟ್ಟಲಲ್ಲಿ. ಅನ್ನಕ್ಕೆ ತಾಗಿದ್ರೆ ತಟ್ಟೆ ಬದಲಾಯಿಸ್ಬೇಕು, ಅದು ಯಾರಿಗಾದ್ರೂ ಹಾಗೇ ಅಲ್ವಾ?"

"ಮಾತಾಡಿಸಿದವರ ಕಣ್ಣು ನೋಡ್ತಿದ್ರಾ?"

"ಹುಬ್ಬು ನೋಡೋದು ನಾನೇ ಹೇಳಿಕೊಟ್ಟೆ ಡಾಕ್ಟ್ರೇ. ಕಂಡೋರ ಕಣ್ಣೊಳಗೆಲ್ಲ ಯಾರು ಹೋಗ್ತಾರೆ? ಹೆಣ್ಣುಮಗು ಬೇರೆ."

ಹೀಗೆ ನಾನು ಮನಸ್ಸಿಟ್ಟು, ಪ್ರೀತಿಯಿಂದ, ನನ್ನ ಮಗಳು ಎಷ್ಟು ಚಿನ್ನದಂಥ ಮಗುವಾಗಿದ್ದಳು ಎಂದು ಹೇಳುತ್ತಾ ಹೋದೆ. ಅವಳು ಬಂದಿದ್ದು ಇದಕ್ಕಲ್ಲ ಎಂಬುದು ಆ ಉತ್ಸಾಹದಲ್ಲಿ ಮರೆತೇ ಹೋಗಿತ್ತು. ಡಾಕ್ಟರು ಪೆನ್ನು ಮುಚ್ಚಿದರು.

"ನೋಡಿ, ತಾಯಿಯೇ ಹೇಳ್ತಿದ್ದಾರೆ, ಎಲ್ಲ ಮಕ್ಕಳ ಹಾಗೇ ಇದ್ದರಂತೆ. ಇನ್ನೇನು ಮಾಡೋಕೂ ಬರಲ್ಲ."

ವಾರಿಜ ತನ್ನ ಚೂಡಿದಾರದ ಅಂಚಿನ ಹೊಲಿಗೆಯನ್ನು ಉಗುರಿನಿಂದ ಒಂದೊಂದಾಗಿ ಮುಟ್ಟುತ್ತಾ ಹೋದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾನು ಸೋಮಾರೀನೇ" ಎಂದಳು. ಕೇಳಿದ್ದಲ್ಲ, ತೀರ್ಪನ್ನು ಓದಿಕೊಂಡ ಹಾಗೆ ಹೇಳಿದಳು.

ಡಾಕ್ಟರು ಕೆಟ್ಟವರಲ್ಲ. ಮತ್ತೆ ಪೆನ್ನು ತೆರೆದರು. "ಇವತ್ತು ತುಂಬ ತಡವಾಗಿ ಬಂದ್ರಿ. ಅದು ಒಳ್ಳೇದೇ ಆಯ್ತು. ದಾರಿ ತಪ್ಪಿತು ಅಂತ ಬರ್ಕೊಳ್ತೀನಿ. ಹೌದು ಅನ್ನಿ. ಅಷ್ಟು ಇದ್ರೆ ದಾರ ಕೊಡೋಕೆ ನಂಗೆ ದಾರಿ ಆಗತ್ತೆ."

ಒಂದು ಹೌದು. ಅಷ್ಟೇ ಬೇಕಾಗಿದ್ದದ್ದು. ನಾನು ಮಕ್ಕಳ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದೆ.

"ಇಲ್ಲ ಸರ್" ಎಂದಳು ನನ್ನ ಮಗಳು. "ದಾರಿ ತಪ್ಪಲಿಲ್ಲ. ಕೆರೆ ಹತ್ರ ಎಡಕ್ಕೆ ಅಂತ ನಂಗೆ ಗೊತ್ತಿತ್ತು. ಎಮ್ಮೆ ನೀರಿಗಿಳೀತು, ಅದು ಏಳೋವರೆಗೆ ಅಮ್ಮ ಕಾಯ್ಬೇಕು ಅಂದ್ರು. ಅಮ್ಮ, ಯಾಕೆ ಚಿವುಟ್ತೀಯ?"

ಇಂಥ ಮಗಳನ್ನು ಹೆತ್ತದ್ದಕ್ಕೆ ನಾನು ಹಿಂದಿನ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ ಎಂದುಕೊಂಡೆ. ಹಲ್ಲು ಕಚ್ಚಿಕೊಂಡು ಅಂದುಕೊಂಡೆ.

"ಎಮ್ಮೆನಾ?" ಎಂದರು ಡಾಕ್ಟರು.

"ಸಾಕಮ್ಮನ ಎಮ್ಮೆ" ಎಂದೆ. "ಗುರುವಾರ ನಿಮ್ಮ ಕ್ಯಾಂಟೀನಿಗೆ ಬರತ್ತಲ್ಲ, ಅದರ ಹಿಂದೆ ಬಂದ್ವಿ."

"ಅದರ ಹಿಂದೆ ಯಾಕೆ ಬಂದ್ರಿ ಅಮ್ಮ?"

"ಇನ್ಯಾರ ಹಿಂದೆ ಬರೋದು? ಪೋಸ್ಟ್‌ಮ್ಯಾನ್ ಹಿಂದೆ ಹೋದ್ರೆ ರೇಷನ್ ಅಂಗಡಿಗೆ ಹೋಗ್ತೀವಿ. ಸ್ಕೂಲು ಮಕ್ಕಳ ಹಿಂದೆ ಹೋದ್ರೆ ಸ್ಕೂಲಿಗೆ. ಆಸ್ಪತ್ರೆಗೆ ಗುರುವಾರ ಎಮ್ಮೇನೇ ಸರಿ." ಅವರು ಸುಮ್ಮನೆ ನೋಡುತ್ತಿದ್ದದ್ದು ಕಂಡು ನನಗೆ ಸ್ವಲ್ಪ ಕೋಪ ಬಂತು. "ಯಾಕೆ, ನೀವು ಯಾರ ಹಿಂದೆ ಬರ್ತೀರಿ?"

"ನಾನು ಯಾರ ಹಿಂದೇನೂ ಬರಲ್ಲ."

"ಮತ್ತೆ?"

"ಗೊತ್ತಾಗತ್ತೆ."

"ಹಾಗೆ ಅಂತಾರೆ ಅನ್ನೋದು ನಂಗೂ ಗೊತ್ತು. ನಾನೂ ಹಾಗೇ ಅಂತೀನಿ. ನಿಜವಾಗಿ ಹೇಳಿ."

"ನಿಜವಾಗೇ ಅಮ್ಮ. ಎದ್ದಾಗ ಗೊತ್ತಿರತ್ತೆ."

ನಾನು ಆಯಾಳ ಕಡೆ ತಿರುಗಿದೆ. "ನೀನು?"

"ಗೊತ್ತಾಗತ್ತೆ ಕಣಮ್ಮ" ಎಂದಳು ಅವಳು, ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದುತ್ತಾ, ಪಾಪ ಎನ್ನುವ ದನಿಯಲ್ಲಿ.

ಅರವತ್ತು ದಾಟಿದವಳು ನಾನು. ಗೊತ್ತಾಗತ್ತೆ ಎಂಬುದು ಒಂದು ಮರ್ಯಾದೆಯ ಮಾತು, ಚೆನ್ನಾಗಿದ್ದೀರಾ ಎಂದರೆ ಚೆನ್ನಾಗಿದ್ದೀನಿ ಎನ್ನುವ ಹಾಗೆ, ಒಳಗೆ ಎಲ್ಲರೂ ಯಾವುದೋ ಒಂದು ಎಮ್ಮೆಯನ್ನು ನೋಡಿಕೊಂಡೇ ಓಡಾಡುತ್ತಾರೆ ಎಂದು ತಿಳಿದುಕೊಂಡಿದ್ದೆ. ಜನ ನಿಜವನ್ನೇ ಹೇಳುತ್ತಿದ್ದರು ಎಂಬ ಅನುಮಾನ ನನಗೆ ಒಂದು ದಿನವೂ ಬಂದಿರಲಿಲ್ಲ. ನಮ್ಮೂರಿನವರ ಮೇಲೆ ಅಂಥ ಅನುಮಾನ ಯಾರಿಗೆ ತಾನೇ ಬರುತ್ತದೆ?

ಡಾಕ್ಟರು ತಾವು ಬರೆದುಕೊಂಡದ್ದನ್ನು ಮೊದಲಿನಿಂದ ಓದಲು ಶುರುಮಾಡಿದರು. ಮಂಚದ ಕೆಳಗೆ ಆಟ, ಎಲ್ಲ ಮಕ್ಕಳ ಹಾಗೇ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 'ತಾಯಿಯ ಹಾಗೇ' ಎಂದು ಬರೆದರು. ಕಿವಿಯಲ್ಲಿ ಹತ್ತಿ, ಎಲ್ಲರ ಮನೆಯ ಹಾಗೇ. ಹೊಡೆದುಹಾಕಿದರು, ತಾಯಿಯ ಹಾಗೇ. ಮೊಸರನ್ನ, ತಟ್ಟೆ, ಹುಬ್ಬು. ಪ್ರತಿ ಸಲ ಪೆನ್ನು ಗೀರಿದಾಗಲೂ ನನಗೆ ನನ್ನ ಜೀವನದ ಒಂದೊಂದು ತಿರುವು ಕಾಣಿಸುತ್ತಿತ್ತು. ಕೊನೆಗೆ ಅವರು ತಲೆಯೆತ್ತಿ ವಾರಿಜಳನ್ನು ನೋಡಿದರು.

"ನೀವು ಸೋಮಾರಿ ಅಲ್ಲಮ್ಮ. ನಿಮಗೆ ಇರೋದು ಆಟಿಸಂ."

"ಇನ್ನೊಂದ್ಸಲ ಹೇಳಿ ಸರ್."

ಹೇಳಿದರು.

"ಇನ್ನೊಂದ್ಸಲ."

ಮತ್ತೆ ಹೇಳಿದರು. ಅವಳು ಕಣ್ಣು ಮುಚ್ಚಿಕೊಂಡು, ಕಿಟಕಿಯ ಬಳಿ ನಿಂತು ವಾಸನೆ ಹಿಡಿಯುವಾಗಿನ ಮುಖದಲ್ಲಿ, ಆ ಪದವನ್ನು ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮ, ನಿಂಗೂ ಗೊತ್ತಾಗ್ತಿರ್ಲಿಲ್ವಾ? ಯಾವತ್ತೂ?"

"ಎಮ್ಮೆ ನೋಡೋದನ್ನೇ ಗೊತ್ತಾಗೋದು ಅಂತಾರೆ ಅಂದ್ಕೊಂಡಿದ್ದೆ ಕಣೇ" ಎಂದೆ. ಅವಳು ನಕ್ಕಳು. ಮೂವತ್ತಾರು ವರ್ಷದಲ್ಲಿ ಅವಳು ನನ್ನ ಕೈಯನ್ನು ತಾನಾಗಿ ಹಿಡಿದದ್ದು ಕಡಿಮೆ. ಅವತ್ತು ಹಿಡಿದು, ಬೇಳೆ ಒತ್ತಿ ನೋಡುವ ಹಾಗೆ ಒಮ್ಮೆ ಒತ್ತಿ, ಬಿಟ್ಟಳು.

ಆಯಾ ಡ್ರಾಯರಿನಿಂದ ಎರಡು ಹಳದಿ ದಾರ ತೆಗೆದುಕೊಟ್ಟಳು. ಎರಡೂ ಮೂರು ವರ್ಷದ ಮಣಿಕಟ್ಟಿನ ಅಳತೆಯವು. ವಾರಿಜಳ ಕೈಗೂ ಬರಲಿಲ್ಲ, ನನ್ನ ಕೈಯಲ್ಲಂತೂ ಬಳೆಗಳ ಮುಂದೆ ನಾಚಿಕೊಂಡು ನಿಂತಿತು. ಡಾಕ್ಟರು, "ವರ್ಷಕ್ಕೊಂದು ಸಲ ಬನ್ನಿ, ಒಂದು ತುಂಡು ಸೇರಿಸಿಕೊಡ್ತೀವಿ. ನಾಲ್ಕೈದು ವರ್ಷದಲ್ಲಿ ಸರಿಹೋಗತ್ತೆ" ಎಂದರು. ವಯಸ್ಸಾದವರಿಗೆ ಉದ್ದದ ದಾರ ಮಾಡಿಸಬಹುದಲ್ಲ ಎಂದು ನಾನು ಕೇಳಲಿಲ್ಲ. ಒಂದೇ ದಿನ ಅಷ್ಟೊಂದು ಸುಧಾರಣೆ ಆಸ್ಪತ್ರೆಗೆ ಒಳ್ಳೆಯದಲ್ಲ.

ವಾರಿಜ ಎರಡು ದಾರಗಳನ್ನೂ ಬೆಳಕಿಗೆ ಹಿಡಿದಳು. "ಒಂದು ಅರಿಶಿನ, ಒಂದು ನಿಂಬೆಹಣ್ಣು. ಮ್ಯಾಚ್ ಆಗಲ್ಲ" ಎಂದಳು. ಆದರೂ ಗಂಟು ಹಾಕಿ ಒಂದು ಮಾಡಿದಳು. ಒಬ್ಬರ ಕೈಗೆ ಸರಿಹೋಯಿತು. ಅಂಗಡಿಯ ದಿನ ಅವಳಿಗೆ, ಗುರುವಾರ ನನಗೆ ಎಂದು ಅಲ್ಲೇ ನಿಂತು ನಿರ್ಧಾರವಾಯಿತು. "ಇವತ್ತು ಗುರುವಾರ, ಅಮ್ಮನದು" ಎಂದು ಅವಳು ನ್ಯಾಯ ಹೇಳಿದಳು. ಇವತ್ತೊಂದು ದಿನ ನೀನೇ ಕಟ್ಟಿಕೋ ಎಂದು ಒಪ್ಪಿಸಬೇಕಾದರೆ ಸಾಕಾಯಿತು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಎದುರಿಗೆ ಬಂದವರು ಬೇರೆ ಯಾರೂ ಅಲ್ಲ, ನನ್ನ ಭಾವನವರು. ಕೊಡೆ ಬೀಸಿಕೊಂಡು, ದಾರಿ ಗೊತ್ತಿರುವವರು ಹೇಗೆ ನಡೆಯಬೇಕೋ ಹಾಗೆ ನಡೆದು ಬರುತ್ತಿದ್ದರು. ವಾರಿಜ ನೇರವಾಗಿ ಅವರ ಮುಂದೆ ಹೋಗಿ ನಿಂತಳು. ಕೈ ಚಾಚಿದಳು.

"ದೊಡ್ಡಪ್ಪ, ನಮ್ಮನೆಗೆ ಹೇಗೆ ಹೋಗ್ಬೇಕು?"

ಭಾವ ದಾರ ನೋಡಿದರು. ನನ್ನ ಮುಖ ನೋಡಿದರು. ಬೀದಿಯ ಆಚೆ ಬದಿಯಲ್ಲಿ ಯಾರು ಯಾರು ನೋಡುತ್ತಿದ್ದಾರೆ ಎಂದು ನೋಡಿದರು. ಸಾಕಷ್ಟು ಜನ ನೋಡುತ್ತಿದ್ದರು. "ಈ ವಯಸ್ಸಿನಲ್ಲಿ ಇದನ್ನ ಕಟ್ಟಿಸಿಕೊಂಡು ಏನು ಪ್ರಯೋಜನ?" ಎಂದು ಗೊಣಗಿದರು. ಆದರೆ ಕಟ್ಟಳೆ ಕಟ್ಟಳೆಯೇ, ಅದರಲ್ಲೂ ನಮ್ಮ ಭಾವ ಕಟ್ಟಳೆಯ ಮನುಷ್ಯ. ತಿರುಗಿ ಮುಂದೆ ನಡೆದರು. ಎರಡು ತಿರುವಿನವರೆಗೂ ಅವರ ಬೆನ್ನು ನಮಗೆ ದಾರಿ ತೋರಿಸಿತು. ಎಮ್ಮೆಯ ಬೆನ್ನಿಗೆ ಹೋಲಿಸಿದರೆ ಸ್ವಲ್ಪ ಸಣ್ಣದು.

ಅವರು ಬಿಟ್ಟುಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, "ನಿಂಗೆ ದಾರಿ ಗೊತ್ತಿತ್ತಲ್ಲೇ?"

"ಗೊತ್ತಿತ್ತು ಅಮ್ಮ. ಸುಸ್ತಾಗಿತ್ತು."

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಬಂದಾಗ ಕಟ್ಟೆ ಖಾಲಿ ಇತ್ತು. ಬೇಳೆ ಡಬ್ಬದಲ್ಲೇ ಇತ್ತು. ವಾರಿಜ ಇನ್ನೂ ಮಲಗಿದ್ದಳು, ದಿಂಬು ತಲೆಯ ಕೆಳಗಿತ್ತು. ನಾನು ಬರೀ ಬೇಳೆಯನ್ನು, ಊರಿಲ್ಲದ ಬೇಳೆಯನ್ನು, ತೊಳೆದು ಕುಕ್ಕರಿಗೆ ಹಾಕಿದೆ. ಸಾರಿಗೆ ರುಚಿಯೇನೂ ಕಡಿಮೆಯಾಗಲಿಲ್ಲ.

ಇವತ್ತು ಗುರುವಾರ. ದಾರ ನನ್ನ ಬಳೆಗಳ ನಡುವೆ ಇದೆ, ಗಂಟು ಸ್ವಲ್ಪ ಚುಚ್ಚುತ್ತದೆ. ಇಷ್ಟು ಬರೆಯುವ ಹೊತ್ತಿಗೆ ಸಾಕಮ್ಮ ಬಂದು ಹಾಲು ಕರೆದುಕೊಟ್ಟು, "ಬರಲ್ವೇನಮ್ಮ?" ಎಂದು ಕೂಗಿದಳು. ಎಮ್ಮೆಯೂ ತಿರುಗಿ ನೋಡಿತು. ಇವತ್ತು ಬರಲ್ಲ ಎಂದೆ. ಒಂದು ಡಬ್ಬಕ್ಕೆ ಕೋಡುಬಳೆ ತುಂಬಿಕೊಂಡಿದ್ದೇನೆ. ಗ್ಯಾಸ್ ಆರಿಸಿದ್ದೇನೆ. ಬಾಗಿಲಾಚೆ ಯಾರೋ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾರೆ, ಮರ್ಯಾದಸ್ಥರ ಹಾಗೆ ಕಾಣುತ್ತಾರೆ. ಕೈ ಚಾಚಿ ನಿಲ್ಲಿಸಿ ಕೇಳುತ್ತೇನೆ: ಸ್ವಾಮಿ, ಕುಂಚಿಗರ ಬೀದಿ ಇವತ್ತು ಎಲ್ಲಿದೆ? ನನ್ನ ತಂಗಿ ಮನೆಗೆ ಹೋಗಬೇಕು.